ಕಿಟೆಲ್ ಹುಟ್ಟಿದ ಊರು ರೆಸ್ಟರ್‌ಹಾಫೆ: ಯಾರಾದರೂ ಹೋಗಿದ್ದೀರಾ?

ಬೆಣ್ಣೆದೋಸೆ ಊರಿನವಳು (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಮ್ಮಪ್ಪ ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದವರು. ಈಗ 74 ವಯಸ್ಸು. ತಂಗಿ ಜರ್ಮನಿಯ ಬ್ರೆಮೆನ್‌ನಲ್ಲಿ ಕೆಲಸದಲ್ಲಿದ್ದಾಳೆ. ಸೆಪ್ಟೆಂಬರ್‌ನಲ್ಲಿ ಅಪ್ಪ, ಅಮ್ಮ, ನಾನು ಮೂರು ವಾರಕ್ಕೆ ಅವಳ ಹತ್ತಿರ ಹೋಗುತ್ತಿದ್ದೇವೆ. ಅಮ್ಮನ ಪಟ್ಟಿ ಉದ್ದ ಇದೆ. ಅಪ್ಪ ಮಾತ್ರ ಒಂದೇ ಒಂದು ಕೇಳಿದ್ದಾರೆ, ಕನ್ನಡ ನಿಘಂಟು ಮಾಡಿದ ಜರ್ಮನ್ ಪಾದ್ರಿ ಕಿಟೆಲ್ ಹುಟ್ಟಿದ ಊರು.

ನಮ್ಮ ಮನೆಯಲ್ಲಿ ಕಿಟೆಲ್ ನಿಘಂಟು ಅಂದರೆ ಇನ್ನೊಬ್ಬ ದೊಡ್ಡಪ್ಪ ಇದ್ದ ಹಾಗೆ. ಮದ್ರಾಸ್ ವಿಶ್ವವಿದ್ಯಾಲಯದವರು ಮರಿಯಪ್ಪ ಭಟ್ಟರಿಂದ ತಿದ್ದಿಸಿ ಹಾಕಿದ್ದರಲ್ಲ, ಆ ನಾಲ್ಕು ಸಂಪುಟ. ಎರಡನೇ ಸಂಪುಟದ ಬೆನ್ನು ಕಿತ್ತು ಹೋಗಿ ಅಪ್ಪ ಹಳೇ ಪಂಚೆಯ ತುಂಡು ಅಂಟಿಸಿದ್ದಾರೆ, ಮೈದಾ ಅಂಟು ಕುದಿಸಿ. ಒಳಗೆ ಗಾದೆ ಬಂದ ಕಡೆಯಲ್ಲೆಲ್ಲ ಪೆನ್ಸಿಲ್ಲಿನಲ್ಲಿ ಒಂದು ಸಣ್ಣ ಟಿಕ್ಕು. ಚಿಕ್ಕವರಿದ್ದಾಗ ಊಟಕ್ಕೆ ಕೂತಾಗ ನಾವು ಯಾವುದಾದರೂ ಪದ ತಪ್ಪು ಹೇಳಿದರೆ ಅಪ್ಪ ಎಂಜಲು ಕೈಯಲ್ಲೇ ಎದ್ದು, ಎಡಗೈಯಲ್ಲಿ ಪುಟ ತಿರುಗಿಸಿ ತೋರಿಸುತ್ತಿದ್ದರು.

ತಂಗಿಗೆ ಹೇಳಿದರೆ, "ಅಕ್ಕ, ಮ್ಯಾಪಲ್ಲಿ ನೋಡಿದೆ. ನಾಲ್ಕು ಮನೆ, ಒಂದು ಚರ್ಚು, ಉಳಿದದ್ದೆಲ್ಲ ಹಸಿರು. ಇದಕ್ಕೋಸ್ಕರ ಒಂದಿಡೀ ದಿನನಾ?" ಅಂತಾಳೆ. ಅಪ್ಪನ ಎದುರು ಅನ್ನಲಿಲ್ಲ ಸದ್ಯ.

ನನಗೆ ಬೇಕಾದ್ದು ಇಷ್ಟು. ಅಲ್ಲಿ ನಿಜವಾಗಲೂ ನೋಡೋಕೆ ಏನಿದೆ, ಸುತ್ತಮುತ್ತ ಏನಿದೆ, ಊರಿನ ಹಿಂದಿನ ಕಥೆ ಏನು? ಅಪ್ಪನ ಮಂಡಿ ಅಷ್ಟು ಗಟ್ಟಿಯಿಲ್ಲ, ಹೇಗೆ ಹೋಗೋದು? ಸಸ್ಯಾಹಾರಿಗಳು, ಊಟದ ಕಥೆ ಏನು? "ಗೂಗಲ್ ಮಾಡಿ" ಅನ್ನುವವರು ದಯವಿಟ್ಟು ಸುಮ್ನಿರಿ, ಮಾಡಿದ್ದೇನೆ.

ಕೋಟೆ ಹುಡುಗ (ಚಿತ್ರದುರ್ಗ)

ನಾನು ಹೋಗಿದ್ದೇನೆ ಅಕ್ಕ. ಕೆಲಸದ ಮೇಲೆ ಒಂದೂವರೆ ವರ್ಷ ಎಮ್ಡೆನ್‌ನಲ್ಲಿದ್ದೆ, ಅಲ್ಲಿಂದ ಹತ್ತಿರವೇ.

ನಿಮ್ಮ ತಂಗಿ ಹೇಳಿದ್ದು ಸುಳ್ಳಲ್ಲ ಅಂತ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಪ್ರತಿಮೆ ನೋಡಿ ಫೋಟೊ ತೆಗೆಸಿಕೊಳ್ಳೋದಾದರೆ ಬೆಂಗಳೂರಿನ ಮೇಯೊ ಹಾಲ್ ಹತ್ತಿರ ಕಿಟೆಲ್ ಪ್ರತಿಮೆ ಇದೆ, ಇಂಟರ್‌ಸಿಟಿಯಲ್ಲಿ ಹೋಗಿ ರಾತ್ರಿಗೆ ದಾವಣಗೆರೆಗೆ ವಾಪಸ್ ಬರಬಹುದು. ರೆಸ್ಟರ್‌ಹಾಫೆಗೆ ಹೋಗಬೇಕಾದ್ದು ಊರನ್ನೇ ನೋಡೋಕೆ. ಇಂಥ ಊರಲ್ಲಿ ಹುಟ್ಟಿದವನು ನಮ್ಮ ಭಾಷೆಗೆ ಹೇಗೆ ಬಂದು ಬಿದ್ದ ಅಂತ ಅಲ್ಲಿ ನಿಂತಾಗ ತಲೆ ಕೆಡುತ್ತದೆ.

ಊರಿರುವುದು ಈಸ್ಟ್ ಫ್ರೀಸಿಯಾ ಅನ್ನುವ ಸೀಮೆಯಲ್ಲಿ. ಜರ್ಮನಿಯ ವಾಯವ್ಯ ಮೂಲೆ. ಒಂದು ಕಡೆ ಹಾಲೆಂಡ್, ಇನ್ನೊಂದು ಕಡೆ ಉತ್ತರ ಸಮುದ್ರ. ಈಗ ಡೋರ್ನುಮ್ ಅನ್ನುವ ಊರಿನ ಆಡಳಿತಕ್ಕೆ ಸೇರಿದೆ, ಅಲ್ಲಿಂದ ನಡೆದೇ ಹೋಗುವಷ್ಟು ಹತ್ತಿರ. ಸಮುದ್ರ ಐದಾರು ಕಿಲೋಮೀಟರ್ ಇರಬಹುದು.

ನನಗೆ ಮೊದಲು ಹೊಡೆದದ್ದು ಏನು ಗೊತ್ತಾ? ಅಲ್ಲಿ ಕಲ್ಲಿಲ್ಲ. ನಾನು ದುರ್ಗದವನು, ಮನೆ ಕಿಟಕಿ ತೆಗೆದರೆ ಬಂಡೆ, ಹಿತ್ತಲಲ್ಲಿ ಬಂಡೆ, ಮಗು ಜಾರುಬಂಡಿ ಆಡೋದೂ ಬಂಡೆ ಮೇಲೆ. ಅಲ್ಲಿ ಕಣ್ಣು ಹಾಯಿಸಿದಷ್ಟು ದೂರ ಮೇಜಿನ ಹಾಗೆ ಮಟ್ಟ. ಗುಡ್ಡ ಅನ್ನುವ ಪದಕ್ಕೆ ಕೆಲಸವೇ ಇಲ್ಲ. ಹಿಮಯುಗದಲ್ಲಿ ಸ್ಕ್ಯಾಂಡಿನೇವಿಯಾ ಕಡೆಯಿಂದ ಹಿಮ ನೂಕಿಕೊಂಡು ಬಂದು ಬಿಟ್ಟು ಹೋದ ಗ್ರಾನೈಟ್ ಗುಂಡುಗಳು ಅಲ್ಲೊಂದು ಇಲ್ಲೊಂದು ಸಿಗುತ್ತವೆ, ಅಷ್ಟೇ. ಆದ್ದರಿಂದ ಆ ಸೀಮೆಯಲ್ಲಿ ಮನೆ, ಚರ್ಚು, ಕೊನೆಗೆ ರಸ್ತೆಗೆ ಹಾಸಿದ್ದು ಕೂಡ ಇಟ್ಟಿಗೆ. ಕೆಂಪು, ಚೆನ್ನಾಗಿ ಸುಟ್ಟ ಇಟ್ಟಿಗೆ.

ಹಳೇ ಊರುಗಳೆಲ್ಲ ಮಣ್ಣು ಗುಡ್ಡೆ ಹಾಕಿದ ದಿಬ್ಬದ ಮೇಲೆ ಇವೆ. ವಾರ್ಫ್ಟ್ ಅಂತಾರೆ. ಕಡಲ ತೀರಕ್ಕೆ ಒಡ್ಡು ಕಟ್ಟುವುದಕ್ಕೂ ಮುಂಚೆ ನೀರು ಉಕ್ಕಿದಾಗ ಉಳಿದುಕೊಳ್ಳಲು ಜನ ತಲೆಮಾರುಗಟ್ಟಲೆ ಸಗಣಿ, ಜೇಡಿಮಣ್ಣು ಪೇರಿಸಿ ಪೇರಿಸಿ ಎತ್ತರ ಮಾಡಿದ ಜಾಗ. ಚರ್ಚಿಗೆ ಎಲ್ಲಕ್ಕಿಂತ ಎತ್ತರದ ದಿಬ್ಬ. ಎಷ್ಟೋ ಊರಲ್ಲಿ ಗಂಟೆ ಗೋಪುರ ಚರ್ಚಿಗೆ ಅಂಟಿಕೊಂಡಿರುವುದಿಲ್ಲ, ಪಕ್ಕದಲ್ಲಿ ಬೇರೆ ನಿಂತಿರುತ್ತದೆ. ಯಾಕೆ ಅಂದರೆ ಮಣ್ಣು ಮೆತ್ತಗೆ. ಗಂಟೆ ತೂಗಾಡಿದಾಗ ಗೋಡೆ ಬಿರುಕು ಬಿಡಬಾರದಲ್ಲ.

ಒಡ್ಡಿನ ವಿಷಯ ಹೇಳಲೇಬೇಕು. ಕರಾವಳಿ ಉದ್ದಕ್ಕೂ ಹುಲ್ಲು ಹೊದ್ದ ಮಣ್ಣಿನ ಒಡ್ಡು, ಎರಡು ಅಂತಸ್ತಿನ ಮನೆಯಷ್ಟು ಎತ್ತರ. ಅದರ ಮೇಲೆ ಕುರಿ ಮೇಯುತ್ತಿರುತ್ತವೆ. ಸುಮ್ನೆ ಚೆಂದಕ್ಕಲ್ಲ. ಕುರಿ ಹುಲ್ಲನ್ನು ಗಿಡ್ಡಕ್ಕೆ ಕಚ್ಚುತ್ತದೆ, ಗೊರಸಿನಲ್ಲಿ ಮಣ್ಣು ತುಳಿದು ಗಟ್ಟಿ ಮಾಡುತ್ತದೆ. ದನ ಬಿಟ್ಟರೆ ಒಡ್ಡು ಹಾಳಾಗುತ್ತದಂತೆ. ಒಡ್ಡು ಕಟ್ಟದವನು ಊರು ಬಿಡಬೇಕು ಅನ್ನುವ ಗಾದೆಯೇ ಇದೆ ಅವರಲ್ಲಿ. ಅದು ಬರೀ ಮಾತಲ್ಲ, ಹಿಂದೆ ತನ್ನ ಪಾಲಿನ ಒಡ್ಡು ರಿಪೇರಿ ಮಾಡಲಾಗದವನು ಜಮೀನನ್ನೇ ಬಿಟ್ಟುಕೊಡಬೇಕಾಗಿತ್ತು.

ಊರ ಹೆಸರುಗಳಲ್ಲಿ ಸೀಲ್ ಅಂತ ಕೊನೆಯಾಗುವವು ಸಿಗುತ್ತವೆ, ಡೋರ್ನುಮರ್‌ಸೀಲ್, ನೆಸ್ಮರ್‌ಸೀಲ್ ಹೀಗೆ. ಸೀಲ್ ಅಂದರೆ ಒಡ್ಡಿನಲ್ಲಿ ಇಟ್ಟ ತೂಬು. ಸಮುದ್ರ ಇಳಿದಾಗ ಬಾಗಿಲು ತೆರೆದು ಹೊಲದ ನೀರು ಹೊರಗೆ, ಸಮುದ್ರ ಏರಿದಾಗ ಬಾಗಿಲು ಬಂದ್. ನಮ್ಮ ಮಾರಿಕಣಿವೆ ಅಣೆಕಟ್ಟಿನಲ್ಲಿ ನೀರು ಹಿಡಿದಿಡೋಕೆ ಒದ್ದಾಟ, ಅಲ್ಲಿ ನೀರು ಹೊರಗೆ ಹಾಕೋಕೆ ಒದ್ದಾಟ. 2022ರಲ್ಲಿ ಮಾರಿಕಣಿವೆ ಕೋಡಿ ಬಿದ್ದಾಗ ನಾವು ಎಂಬತ್ತೊಂಬತ್ತು ವರ್ಷದ ಮೇಲೆ ಅಂತ ಹಬ್ಬ ಮಾಡಿದೆವಲ್ಲ, ಆ ವಿಡಿಯೊ ನನ್ನ ಹಳೇ ಮನೆ ಓನರ್ ಅಜ್ಜನಿಗೆ ಕಳಿಸಿದ್ದೆ. "ನೀರು ಉಕ್ಕಿದ್ದಕ್ಕೆ ಪೂಜೆ ಮಾಡುತ್ತೀರಾ?" ಅಂತ ಕೇಳಿದ. ಅವನ ಕಡೆಯವರಿಗೆ ನೀರು ಉಕ್ಕೋದು ಅಂದರೆ 1717ರ ಕ್ರಿಸ್‌ಮಸ್ ರಾತ್ರಿ. ಹಬ್ಬದ ಹಿಂದಿನ ಸಂಜೆ ಮಲಗಿದವರು ಏಳಲಿಲ್ಲ, ಆ ಕರಾವಳಿಯುದ್ದಕ್ಕೂ 10,000ಕ್ಕೂ ಹೆಚ್ಚು ಜನ ಸತ್ತರು. ಇವತ್ತಿಗೂ ಅಜ್ಜಂದಿರು ಆ ಇಸವಿಯನ್ನು ನಿನ್ನೆ ಮೊನ್ನೆ ಆದ ಹಾಗೆ ಹೇಳುತ್ತಾರೆ.

ಹಳೇ ಮನೆಗಳನ್ನು ಅಪ್ಪನಿಗೆ ತೋರಿಸಿ. ಒಂದೇ ಉದ್ದ ಸೂರಿನ ಕೆಳಗೆ ಮುಂದೆ ಜನ, ಹಿಂದೆ ದನ, ನಡುವೆ ಅಟ್ಟದವರೆಗೂ ಒಣಹುಲ್ಲು. ಜಗಳೂರು ಕಡೆ ನಮ್ಮಜ್ಜಿ ಮನೆಯಲ್ಲಿ ಬಾಗಿಲು ದಾಟಿದರೆ ಮೊದಲ ಅಂಕಣದಲ್ಲಿ ದನ, ಮೇಲಿನ ಕಟ್ಟೆಯಲ್ಲಿ ನಾವು. ನಾನು ಒಳಗೆ ಕಾಲಿಟ್ಟ ತಕ್ಷಣ ಆ ವಾಸನೆ ಗುರುತು ಹಿಡಿದೆ, ಗಂಜಲ ಮತ್ತು ಹುಲ್ಲು ಸೇರಿದ ವಾಸನೆ, ಏಳು ಸಾವಿರ ಕಿಲೋಮೀಟರ್ ಆಚೆ ಅದೇ.

ಇನ್ನು ಗಾಳಿ. ಕೊಡೆ ತೆಗೆದುಕೊಂಡು ಹೋಗಬೇಡಿ, ಎರಡನೇ ನಿಮಿಷಕ್ಕೆ ಕೊಡೆ ಕಾವಲಿ ಮಗುಚಿದ ಹಾಗೆ ಆಗುತ್ತದೆ. ಮಳೆ ಅಡ್ಡಡ್ಡ ಬರುತ್ತದೆ. ಟೋಪಿ ಇರುವ ಜರ್ಕಿನ್ ಸಾಕು. ನಾನು ಹೋದ ದಿನ ಮ್ಯಾಪಲ್ಲಿ ತೋರಿಸಿದ ಬಸ್ಸು ಬರಲೇ ಇಲ್ಲ. ಶಾಲೆ ಇದ್ದ ದಿನ ಮಾತ್ರ ಓಡುವ ಬಸ್ಸಂತೆ, ಅವತ್ತು ರಜೆ. ವೇಳಾಪಟ್ಟಿಯ ಕೆಳಗೆ ಒಂದು ಸಣ್ಣ ಅಕ್ಷರ ಇತ್ತು, ನಾನು ನೋಡಿರಲಿಲ್ಲ. ಎರಡು ಗಂಟೆ ಎದುರುಗಾಳಿಗೆ ನಡೆದೆ. ಒಬ್ಬ ಟ್ರ್ಯಾಕ್ಟರಿನವನು ನಿಲ್ಲಿಸಿ "ಮೊಯಿನ್" ಅಂದ. ನಾನೂ "ಮೊಯಿನ್" ಅಂದೆ. ಮುಂದೆ ಅವನೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ, ಸುಮ್ನೆ ಹತ್ತಿಸಿಕೊಂಡು ಊರ ಬಾಗಿಲಿಗೆ ಬಿಟ್ಟ. ಅಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಲ್ಲಕ್ಕೂ ಅದೊಂದೇ ಪದ. ಎರಡು ಸಲ ಅಂದರೆ ವಾಚಾಳಿ ಅಂತ ತಮಾಷೆ ಮಾಡುತ್ತಾರೆ.

ಚಹಾದ ಬಗ್ಗೆ ಬೇರೆಯೇ ಬರೆಯುತ್ತೇನೆ, ಕೈ ನೋಯುತ್ತಿದೆ.

ನಿವೃತ್ತ ಮೇಷ್ಟ್ರು (ಹೊಸದುರ್ಗ)

ತಂಗಿ, ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಹೇಳಿ. ನಮ್ಮದೂ ಅದೇ ಕಸುಬು.

ಕಿಟೆಲ್ ಹುಟ್ಟಿದ್ದು 1832ರ ಏಪ್ರಿಲ್‌ನಲ್ಲಿ. ತಂದೆ ಆ ಊರಿನ ಚರ್ಚಿನ ಪಾದ್ರಿ. ನಾವು ಜರ್ಮನ್ ಪಾದ್ರಿ ಜರ್ಮನ್ ಪಾದ್ರಿ ಅನ್ನುತ್ತೇವೆ, ಆದರೆ ಆಗ ಜರ್ಮನಿ ಅನ್ನುವ ದೇಶವೇ ಇರಲಿಲ್ಲ. ಆ ಸೀಮೆ ಹ್ಯಾನೋವರ್ ರಾಜ್ಯದಲ್ಲಿತ್ತು. ಹ್ಯಾನೋವರ್‌ಗೆ ಆಗ ರಾಜ ಯಾರು? ಇಂಗ್ಲೆಂಡಿನ ರಾಜನೇ, 1837ರವರೆಗೂ ಎರಡಕ್ಕೂ ಒಬ್ಬನೇ. ಇತ್ತ ನಮ್ಮಲ್ಲಿ 1830-31ರಲ್ಲಿ ಹೊನ್ನಾಳಿ, ಚನ್ನಗಿರಿ, ತರೀಕೆರೆ ಕಡೆಯೆಲ್ಲ ನಗರ ಸೀಮೆಯ ರೈತರ ದಂಗೆ. ಅದನ್ನೇ ನೆಪ ಮಾಡಿಕೊಂಡು 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತ ಕೈಗೆ ತೆಗೆದುಕೊಂಡರು. ಅಂದರೆ ಕಿಟೆಲ್ ತೊಟ್ಟಿಲಲ್ಲಿದ್ದಾಗ ರೆಸ್ಟರ್‌ಹಾಫೆಗೂ ಹೊನ್ನಾಳಿಗೂ ಮೇಲೆ ಕೂತಿದ್ದವನು ಒಬ್ಬನೇ ರಾಜ, ವಿಲಿಯಂ. ಇದನ್ನು ನಾನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನವರೂ ಕಣ್ಣು ಬಿಡುತ್ತಿದ್ದರು.

ಆ ಸೀಮೆಯ ಹಳೇ ಕಥೆ ನಮ್ಮ ದುರ್ಗದವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಮಧ್ಯಯುಗದಲ್ಲಿ ಯೂರೋಪಿನ ಉಳಿದೆಡೆ ರೈತ ಒಬ್ಬ ಒಡೆಯನ ಕೈಕೆಳಗೆ ಇದ್ದರೆ ಫ್ರೀಸಿಯಾದವರು ನಮಗೆ ಒಡೆಯನಿಲ್ಲ ಅನ್ನುತ್ತಿದ್ದರು. ವರ್ಷಕ್ಕೊಮ್ಮೆ ಔರಿಶ್ ಹತ್ತಿರದ ಉಪ್ಸ್ಟಾಲ್ಸ್‌ಬೋಮ್ ಅನ್ನುವ ದಿಬ್ಬದಲ್ಲಿ ಸೀಮೆಸೀಮೆಯವರು ಸೇರಿ ನ್ಯಾಯ ಮಾಡಿಕೊಳ್ಳುತ್ತಿದ್ದರು. 14ನೇ ಶತಮಾನ ಬರುವ ಹೊತ್ತಿಗೆ ಅವರಲ್ಲೇ ಬಲವಾದ ಮನೆತನಗಳು ಎದ್ದು ಊರಿಗೊಂದು ಕೋಟೆ ಕಟ್ಟಿಕೊಂಡು ಒಬ್ಬರ ಮೇಲೊಬ್ಬರು ಬಿದ್ದರು. ಪಾಳೇಗಾರರು ಅಂತಲೇ ಅನ್ನಿ, ಬೇರೆ ಪದ ಬೇಡ. ಪುಟ್ಟ ಡೋರ್ನುಮ್ ಒಂದರಲ್ಲೇ ಮೂರು ಕೋಟೆ ಇತ್ತು. ಒಂದು ಉಳಿದಿಲ್ಲ. ಒಂದರಲ್ಲಿ ಹೋಟೆಲ್. ಇನ್ನೊಂದು ಸುತ್ತ ನೀರಿನ ಕಂದಕ ಇರುವ ಅರಮನೆ, ಅದರೊಳಗೆ ಶಾಲೆ ನಡೆಯುತ್ತದೆ. ಹಾಫೆ ಅಂತ ಕೊನೆಯಾಗುವ ಇನ್ನೊಂದು ಊರು ಮಾರಿಯೆನ್‌ಹಾಫೆ. ಅಲ್ಲಿನ ದಪ್ಪ ಚರ್ಚ್ ಗೋಪುರದಲ್ಲಿ ಸ್ಟೋರ್ಟೆಬೆಕರ್ ಅನ್ನುವ ಕಡಲ್ಗಳ್ಳ ಅಡಗಿದ್ದ ಅಂತ ಕಥೆ.

ಆಮೇಲೆ ಒಂದೇ ಮನೆತನ ಎಲ್ಲರನ್ನೂ ನುಂಗಿತು. ಅದರ ಕೊನೆಯ ದೊರೆ ಮಕ್ಕಳಿಲ್ಲದೆ 1744ರಲ್ಲಿ ಸತ್ತ, ಪ್ರಷ್ಯ ಬಂತು. ನೆಪೋಲಿಯನ್ ಕಾಲದಲ್ಲಿ ಸ್ವಲ್ಪ ದಿನ ಹಾಲೆಂಡ್, ಸ್ವಲ್ಪ ದಿನ ಫ್ರಾನ್ಸ್. 1815ರಲ್ಲಿ ಹ್ಯಾನೋವರ್, 1866ರಲ್ಲಿ ಮತ್ತೆ ಪ್ರಷ್ಯ. ನಮ್ಮ ಹರಪನಹಳ್ಳಿ ಮದ್ರಾಸಲ್ಲಿತ್ತು, ಮೈಸೂರಿಗೆ ಬಂತು, 1997ರಲ್ಲಿ ದಾವಣಗೆರೆ ಜಿಲ್ಲೆ, ಮತ್ತೆ ಬಳ್ಳಾರಿ, ಈಗ ವಿಜಯನಗರ. ಊರು ಮಾತ್ರ ಇದ್ದಲ್ಲೇ ಇದೆ. ಹಾಗೆ.

ಡೋರ್ನುಮ್‌ಗೆ ಹೋದರೆ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಬಿಡಬೇಡಿ. ಅಲ್ಲಿ ಯಹೂದಿ ಕುಟುಂಬಗಳಿದ್ದವು. 1938ರ ನವೆಂಬರ್ 9ರ ರಾತ್ರಿ ನಾಜಿಗಳು ದೇಶದ ತುಂಬ ಸಿನಗಾಗ್‌ಗಳಿಗೆ ಬೆಂಕಿ ಇಟ್ಟರಲ್ಲ, ಡೋರ್ನುಮ್‌ನದು ಸುಡಲಿಲ್ಲ. ದಯೆಯಿಂದ ಅಲ್ಲ. ಎರಡು ದಿನ ಮುಂಚೆ ಕಟ್ಟಡ ಒಬ್ಬ ಪೀಠೋಪಕರಣದ ವ್ಯಾಪಾರಿಗೆ ಮಾರಾಟವಾಗಿತ್ತು. ಕಟ್ಟಡ ಉಳಿಯಿತು, ಸಮುದಾಯ ಉಳಿಯಲಿಲ್ಲ. ಈಗ ಅದು ಸ್ಮಾರಕ ವಸ್ತುಸಂಗ್ರಹಾಲಯ.

ಕಿಟೆಲ್ ಓದಿದ್ದು ಔರಿಶ್ ಪಟ್ಟಣದ ಶಾಲೆಯಲ್ಲಿ. ಲ್ಯಾಟಿನ್, ಗ್ರೀಕ್, ಹೀಬ್ರೂ ಅಲ್ಲೇ ಕಲಿತರು. 1850ರಲ್ಲಿ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆ ಸೇರಿದರು, 1853ರಲ್ಲಿ ಇಲ್ಲಿಗೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿ ಅಂತ ಇದ್ದು ಕೇಶಿರಾಜನ ಶಬ್ದಮಣಿದರ್ಪಣ, ನಾಗವರ್ಮನ ಛಂದೋಂಬುಧಿ ಅಚ್ಚು ಹಾಕಿಸಿದರು. ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಹೊರಬಂತು, ಸುಮಾರು 70,000 ಪದ. ಅದಕ್ಕೆ ಎರಡು ವರ್ಷ ಮುಂಚೆ ನಮ್ಮ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ರೈಸ್ ಸಾಹೇಬರು ಅಶೋಕನ ಶಾಸನ ಕಂಡುಹಿಡಿದಿದ್ದರು. ಎಂಥ ಹತ್ತು ವರ್ಷ ಅದು, ನೋಡಿ!

ಕುರಿಹಟ್ಟಿ ಸಿದ್ದ (ಚಳ್ಳಕೆರೆ)

ಮೇಷ್ಟ್ರೇ, ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅವರು ಬಂದದ್ದು ನಮ್ಮವರನ್ನು ಮತಾಂತರ ಮಾಡೋಕೆ ತಾನೆ? ಅವರ ಊರಿಗೆ ಯಾತ್ರೆ ಹೋಗುವಷ್ಟು ದೊಡ್ಡಸ್ತಿಕೆ ಯಾಕೆ ಅಂತ. ನಿಘಂಟು ಒಳ್ಳೆಯದೇ, ಇಲ್ಲ ಅಂತಿಲ್ಲ.

ಅಂದ ಹಾಗೆ ಕೋಟೆಣ್ಣ, ಒಡ್ಡಿನ ಮೇಲೆ ಕುರಿ ಬಿಡೋದು ಸರಿ ಇದೆ. ನಮ್ಮಲ್ಲಿ ಹೊಲದಲ್ಲಿ ರಾತ್ರಿ ಕುರಿ ತರುಬುತ್ತಾರಲ್ಲ, ಗೊಬ್ಬರಕ್ಕೂ ಆಯ್ತು ತುಳಿತಕ್ಕೂ ಆಯ್ತು. ಅವರಲ್ಲಿ ಉಣ್ಣೆಗೆ ಏನು ಮಾಡುತ್ತಾರೆ? ಕಂಬಳಿ ನೇಯ್ತಾರಾ?

ನಿವೃತ್ತ ಮೇಷ್ಟ್ರು (ಹೊಸದುರ್ಗ)

ಬೇಜಾರೇನು ಸಿದ್ದಪ್ಪ. ಬಂದದ್ದು ಧರ್ಮಪ್ರಚಾರಕ್ಕೆ, ಅದರಲ್ಲಿ ಮುಚ್ಚಿಡುವುದು ಏನಿಲ್ಲ. ಆದರೆ ಹಾಗೆ ಬಂದವರು ನೂರಾರು ಜನ, ಇವರೊಬ್ಬರು ನಮ್ಮ ಅಜ್ಜಿಯರ ಗಾದೆಯನ್ನೂ ಹಳಗನ್ನಡ ಕಾವ್ಯದ ಪದವನ್ನೂ ಒಂದೇ ಪುಟದಲ್ಲಿ ಕೂರಿಸಿ, ಪಕ್ಕದಲ್ಲಿ ತಮಿಳು, ತೆಲುಗು, ತುಳುವಿನ ಸೋದರ ಪದಗಳನ್ನೂ ಇಟ್ಟರು. ನನಗೆ ಅದು ಸಾಕು. ನಿನಗೆ ಸಾಲದಿದ್ದರೆ ಜಗಳವಿಲ್ಲ.

ಗಾಳಿಗುಡ್ಡ (ಚಿತ್ರದುರ್ಗ)

ಯಾರೂ ಹೇಳದೇ ಇರೋದು ಒಂದಿದೆ. ನಾನು ಹತ್ತು ವರ್ಷ ಚಿತ್ರದುರ್ಗದ ಸುತ್ತ ಗುಡ್ಡಗಳ ಮೇಲೆ ವಿಂಡ್ ಟರ್ಬೈನ್ ಮೆಂಟೇನೆನ್ಸ್ ಮಾಡಿದವನು. ಹೈವೇಯಿಂದ ನೋಡಿದರೆ ಸಾಲಾಗಿ ಕಾಣುತ್ತವಲ್ಲ, ನಮ್ಮ ಕಡೆ ಹಳ್ಳಿಯವರು ಫ್ಯಾನ್ ಅಂತಾರೆ. ಅವುಗಳಲ್ಲಿ ಎಷ್ಟೋ ಎನರ್ಕಾನ್ ಮೆಷಿನ್. ಬುಡ ಹತ್ತಿರ ಹತ್ತಿರ ಹಸಿರು ಬಣ್ಣದ ಪಟ್ಟಿಗಳು, ಮೇಲೆ ಹೋಗ್ತಾ ಹೋಗ್ತಾ ತೆಳುವಾಗಿ ಬಿಳಿಯಾಗುವುದು, ಮೇಲಿನ ತಲೆ ಮೊಟ್ಟೆ ಆಕಾರ, ನೋಡಿದರೆ ಗೊತ್ತಾಗುತ್ತದೆ. ಆ ಕಂಪನಿ 1984ರಲ್ಲಿ ಶುರುವಾದದ್ದು ಎಲ್ಲಿ? ಔರಿಶ್‌ನಲ್ಲಿ! ಮೇಷ್ಟ್ರು ಹೇಳಿದರಲ್ಲ, ಕಿಟೆಲ್ ಶಾಲೆಗೆ ಹೋದ ಊರು. ನನ್ನ ಟೂಲ್ ಬಾಕ್ಸಿನ ಮೇಲೆ ಹತ್ತು ವರ್ಷ ಆ ಊರ ಹೆಸರು ಓದಿದ್ದೇನೆ, ಕಿಟೆಲ್‌ಗೂ ಅದಕ್ಕೂ ಸಂಬಂಧ ಇದೆ ಅಂತ ಇವತ್ತೇ ಗೊತ್ತಾಗಿದ್ದು. ಆ ಸೀಮೆ ತುಂಬ ಟರ್ಬೈನ್ ಇವೆ, ನಿಮ್ಮ ತಂದೆಯವರಿಗೆ ರೈಲಿನ ಕಿಟಕಿಯಲ್ಲೇ ಕಾಣುತ್ತವೆ. ಇವೇ ನಮ್ಮ ಜೋಗಿಮಟ್ಟಿ ಕಡೆಯ ಫ್ಯಾನುಗಳ ತವರುಮನೆ ಅಂತ ಹೇಳಿ.

ಹರಿಹರದ ಹೊಳೆ (ಸದ್ಯ ಓಲ್ಡೆನ್‌ಬುರ್ಗ್)

ನಾನು ಇಲ್ಲೇ ಇದ್ದೇನೆ ಅಕ್ಕ, ಹೋಗೋ ದಾರಿ ನಾನು ಹೇಳುತ್ತೇನೆ. ಬ್ರೆಮೆನ್‌ನಿಂದ ನಾರ್ಡೆನ್‌ಗೆ ನೇರ ರೀಜನಲ್ ರೈಲಿದೆ. ಓಲ್ಡೆನ್‌ಬುರ್ಗ್, ಲೇರ್, ಎಮ್ಡೆನ್ ಮೇಲೆ ಹೋಗುತ್ತದೆ, ಎರಡೂವರೆ ಗಂಟೆ ಆಸುಪಾಸು. ಒಂದೇ ದಿನಕ್ಕಾದರೆ ನಾಲ್ವರೂ ಸೇರಿ ಒಂದು ನೀಡರ್‌ಸಾಕ್ಸೆನ್ ಟಿಕೆಟ್ ತೆಗೆದುಕೊಳ್ಳಿ, ಗುಂಪಿಗೆ ಅಗ್ಗ, ಬ್ರೆಮೆನ್‌ಗೂ ನಡೆಯುತ್ತದೆ. ವಾರದ ದಿನ ಬೆಳಿಗ್ಗೆ ಒಂಬತ್ತರ ಮೇಲೆ ಮಾತ್ರ ಹತ್ತಬೇಕು ಅನ್ನೋದು ನೆನಪಿರಲಿ. ಔರಿಶ್‌ಗೆ ಪ್ಯಾಸೆಂಜರ್ ರೈಲಿಲ್ಲ, ಅಲ್ಲಿಗೆ ಬಸ್ಸೇ ಗತಿ.

ನಾರ್ಡೆನ್‌ನಿಂದ ಡೋರ್ನುಮ್‌ಗೆ ಹಳೇ ಬೋಗಿಗಳ ಒಂದು ಮ್ಯೂಸಿಯಂ ರೈಲು ಓಡುತ್ತದೆ, ಬೇಸಿಗೆ ಕಾಲದ ಭಾನುವಾರಗಳಲ್ಲಿ. ಸ್ವಯಂಸೇವಕರು ಓಡಿಸೋದು. ನಿಮ್ಮ ಅಪ್ಪನಿಗೆ ಹೊಸಪೇಟೆ ಪ್ಯಾಸೆಂಜರ್ ನೆನಪಾಗುತ್ತದೆ. ದಿನ ಮೊದಲೇ ನೋಡಿಕೊಂಡು ಹೋಗಿ. ಇಲ್ಲವಾದರೆ ನಾರ್ಡೆನ್‌ನಿಂದ ಟ್ಯಾಕ್ಸಿ ಮಾಡಿ, ಬಸ್ಸು ನಂಬಬೇಡಿ. ಮಂಡಿ ನೋವಿನವರು ಕೋಟೆಣ್ಣನ ಹಾಗೆ ಟ್ರ್ಯಾಕ್ಟರ್ ಹತ್ತೋಕೆ ಆಗಲ್ಲ. ನೆಲ ಮಟ್ಟಸ, ಒಂದು ಮೆಟ್ಟಿಲೂ ಹತ್ತುವುದು ಬೇಡ, ಒಡ್ಡಿನ ಮೇಲೆ ಹೋದರೆ ಮಾತ್ರ ಹತ್ತಬೇಕಾಗುತ್ತದೆ.

ಹಳ್ಳಿ ಚರ್ಚುಗಳು ಪೂಜೆ ಇಲ್ಲದ ಹೊತ್ತಲ್ಲಿ ಬೀಗ ಹಾಕಿರೋದು ಸಾಮಾನ್ಯ. ನಿಮ್ಮ ತಂಗಿ ಹತ್ತಿರ ಒಂದು ವಾರ ಮುಂಚೆ ಚರ್ಚ್ ಕಚೇರಿಗೆ ಮೇಲ್ ಹಾಕಿಸಿ. ನಮ್ಮ ತಂದೆ ಕನ್ನಡ ಮೇಷ್ಟ್ರು, ಕಿಟೆಲ್‌ಗಾಗಿ ಭಾರತದಿಂದ ಬರುತ್ತಿದ್ದಾರೆ ಅಂತ ಬರೆಯಲಿ. ಇಲ್ಲಿನ ಜನ ಮಾತು ಕಮ್ಮಿ, ಆದರೆ ಕೆಲಸ ಮಾಡಿಕೊಡುತ್ತಾರೆ.

ಊಟ: ಕರಾವಳಿಯಲ್ಲಿ ಎಲ್ಲ ಮೀನು, ಸೀಗಡಿ. ಚಟ್ನಿಪುಡಿ ಹಚ್ಚಿದ ಚಪಾತಿ ಕಟ್ಟಿಕೊಂಡು ಹೋಗಿ. ಒಣದ್ರಾಕ್ಷಿ ಹಾಕಿದ ದಪ್ಪ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಚಹಾದ ಜೊತೆ ಕೊಡುತ್ತಾರೆ, ಅದು ಚೆನ್ನಾಗಿರುತ್ತದೆ. ಬೆಣ್ಣೆ ಜಾಸ್ತಿ ಹಾಕುತ್ತಾರೆ, ನಮ್ಮ ಊರಿನವರಿಗೆ ಹೇಳಿ ಮಾಡಿಸಿದ್ದು.

ನೆಸ್ಮರ್‌ಸೀಲ್‌ನಲ್ಲಿ ಸಮುದ್ರ ಇಳಿದಾಗ ಕಿಲೋಮೀಟರ್‌ಗಟ್ಟಲೆ ಕೆಸರು ಬಯಲು. 2009ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಗೈಡ್ ಜೊತೆ ಬರಿಗಾಲಲ್ಲಿ ಬಾಲ್ಟ್ರುಮ್ ದ್ವೀಪದವರೆಗೂ ನಡೆಯುತ್ತಾರೆ. ನೀವು ನಡೆಯಬೇಡಿ, ದಡದಲ್ಲಿ ನಿಂತು ನೋಡಿ ಸಾಕು. ಗೈಡ್ ಇಲ್ಲದೆ ಇಳಿಯೋದಂತೂ ಬೇಡವೇ ಬೇಡ, ನೀರು ವಾಪಸ್ ಬರೋದು ಹಿಂದಿನಿಂದ.

ಕೋಟೆ ಹುಡುಗ (ಚಿತ್ರದುರ್ಗ)

ಸಿದ್ದಣ್ಣ, ಕಂಬಳಿ ನೇಯೋದು ನಾನು ನೋಡಲಿಲ್ಲ. ನಿಮ್ಮ ಚಳ್ಳಕೆರೆ ಕಂಬಳಿ ಒಂದು ಒಯ್ದಿದ್ದೆ, ಓನರ್ ಅಜ್ಜ ಕೇಳಿ ಇಟ್ಟುಕೊಂಡ. ಚುಚ್ಚುತ್ತದೆ ಅಂದ, ವಾಪಸ್ ಮಾತ್ರ ಕೊಡಲಿಲ್ಲ.

ಈಗ ಚಹಾ. ಜರ್ಮನಿ ಅಂದರೆ ಕಾಫಿ, ಬಿಯರ್ ಅಂತ ತಿಳಿದಿದ್ದೆ. ಆ ಮೂಲೆಯಲ್ಲಿ ಮಾತ್ರ ಚಹಾ, ತಲೆಗೆ ವರ್ಷಕ್ಕೆ ಸುಮಾರು 300 ಲೀಟರ್. ನಮ್ಮ ಅಸ್ಸಾಂ ಚಹಾನೇ ಜಾಸ್ತಿ. 17ನೇ ಶತಮಾನದಲ್ಲಿ ಡಚ್ಚರಿಂದ ಬಂದ ಅಭ್ಯಾಸ. ಪ್ರಷ್ಯದ ಫ್ರೆಡರಿಕ್ ದೊರೆ 1778ರಲ್ಲಿ ಚಹಾ ನಿಲ್ಲಿಸಿ ಅಂತ ಹೇಳಿ ನೋಡಿದ, ಜನ ಕೇಳಲಿಲ್ಲ, ಎರಡು ವರ್ಷಕ್ಕೆ ಕೈಬಿಟ್ಟ. ಬಾವಿ, ಹಳ್ಳದ ನೀರು ಉಪ್ಪುಪ್ಪು, ಕುದಿಸಿ ಚಹಾ ಹಾಕಿದರೇ ಗಂಟಲಲ್ಲಿ ಇಳಿಯುತ್ತಿತ್ತು ಅಂತ ಓನರ್ ಅಜ್ಜ ಹೇಳುತ್ತಿದ್ದ. 2016ರಲ್ಲಿ ಜರ್ಮನಿಯವರು ಅದನ್ನು ದೇಶದ ಪರಂಪರೆ ಪಟ್ಟಿಗೇ ಸೇರಿಸಿದರು. ನಾರ್ಡೆನ್‌ನಲ್ಲಿ ಚಹಾ ಮ್ಯೂಸಿಯಂ ಇದೆ, ರೈಲು ಇಳಿದ ಊರಲ್ಲೇ.

ಕುಡಿಯೋ ರೀತಿ ಹೀಗೆ. ತೆಳ್ಳನೆ ಪಿಂಗಾಣಿ ಬಟ್ಟಲು, ನಮ್ಮ ಬೈಟೂ ಲೋಟದಷ್ಟೇ. ಮೊದಲು ತಳಕ್ಕೆ ಒಂದು ದೊಡ್ಡ ಕಲ್ಲುಸಕ್ಕರೆ. ಹೌದು, ನಮ್ಮ ಜಾತ್ರೆ ಕಲ್ಲುಸಕ್ಕರೆ ತರಹದ್ದೇ. ಅದರ ಮೇಲೆ ಕುದಿಯೋ ಚಹಾ ಬಿದ್ದಾಗ ಚಿಟಚಿಟ ಅಂತ ಬಿರಿಯುತ್ತದೆ, ಆಗ ಎಲ್ಲರೂ ಮಾತು ನಿಲ್ಲಿಸಿ ಕೇಳಿಸಿಕೊಳ್ಳುತ್ತಾರೆ. ಆಮೇಲೆ ಪುಟ್ಟ ಸೌಟಿನಲ್ಲಿ ಹಾಲಿನ ಕೆನೆ, ಬಟ್ಟಲಿನ ಅಂಚಿಗೆ, ಗಡಿಯಾರಕ್ಕೆ ಎದುರು ಸುತ್ತಿನಲ್ಲಿ. ಕೆನೆ ತಳಕ್ಕೆ ಹೋಗಿ ಮೋಡದ ಹಾಗೆ ಮೇಲೆ ಬರುತ್ತದೆ. ಕಲಕೋ ಹಾಗಿಲ್ಲ! ನಾನು ಮೊದಲ ದಿನ ನಮ್ಮ ಅಭ್ಯಾಸದಂತೆ ಟಣಟಣ ಅಂತ ಕಲಕಿದೆ. ಓನರ್ ಅಜ್ಜಿ ಮುಖ ನೋಡಬೇಕಿತ್ತು, ಹೋಳಿಗೆಗೆ ಉಪ್ಪಿನಕಾಯಿ ಹಚ್ಚಿಕೊಂಡವನನ್ನು ನಮ್ಮಮ್ಮ ನೋಡಿದ ಹಾಗೆ. ಕಲಕದೆ ಕುಡಿದರೆ ಮೊದಲು ಕೆನೆ, ಆಮೇಲೆ ಕಹಿ ಚಹಾ, ಕೊನೆಗೆ ಸಿಹಿ. ಮೂರು ಬಟ್ಟಲು ಕುಡಿಯಲೇಬೇಕು, ಕಮ್ಮಿ ಕುಡಿದರೆ ಮನೆಯವರಿಗೆ ಅವಮಾನ. ಸಾಕು ಅನ್ನೋಕೆ ಬಾಯಲ್ಲಿ ಹೇಳಿದರೆ ಆಗಲ್ಲ, ಚಮಚ ಬಟ್ಟಲೊಳಗೆ ಇಡಬೇಕು. ನನಗೆ ಗೊತ್ತಿರಲಿಲ್ಲ. ಏಳು ಬಟ್ಟಲು ಕುಡಿದೆ.

ಬೆಣ್ಣೆದೋಸೆ ಊರಿನವಳು (ದಾವಣಗೆರೆ)

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಇಡೀ ಥ್ರೆಡ್ ಪ್ರಿಂಟ್ ತೆಗೆಸಿ ಅಪ್ಪನಿಗೆ ಕೊಟ್ಟೆ, ಫೋನಲ್ಲಿ ಓದಲ್ಲ ಅವರು. ಹೊನ್ನಾಳಿಗೂ ರೆಸ್ಟರ್‌ಹಾಫೆಗೂ ಒಬ್ಬನೇ ರಾಜ ಅನ್ನೋದಕ್ಕೆ ಪೆನ್ಸಿಲ್ ಟಿಕ್ಕು ಬಿತ್ತು. ಮೇಷ್ಟ್ರೇ, ನಿಮ್ಮ ಫೋನ್ ನಂಬರ್ ಕೇಳುತ್ತಿದ್ದಾರೆ, ಇಲ್ಲಿ ಹಾಕಬೇಡಿ, ಮೆಸೇಜ್ ಮಾಡಿ. ಸಿದ್ದಣ್ಣನ ಪ್ರಶ್ನೆಗೆ ಅಪ್ಪ ಉತ್ತರ ಬರೆಯುತ್ತೇನೆ ಅಂದಿದ್ದಾರೆ, ಎರಡು ಹಾಳೆ ಆಗಿದೆ, ಇನ್ನೂ ಮುಗಿದಿಲ್ಲ, ಹಾಗಾಗಿ ಅದನ್ನು ನಾನು ಇಲ್ಲಿ ಟೈಪ್ ಮಾಡೋದು ಡೌಟು.

ತಂಗಿಯೂ ಒಪ್ಪಿದಳು. ಫ್ಯಾನ್ ವಿಷಯ ಕೇಳಿ ಅವಳ ಗಂಡನಿಗೇ ಜಾಸ್ತಿ ಉತ್ಸಾಹ ಬಂದಿದೆ, ಅವನು ಎಂಜಿನಿಯರ್. ಮ್ಯೂಸಿಯಂ ರೈಲು ಇರುವ ಭಾನುವಾರ ನೋಡಿ ಹೋಗುತ್ತೇವೆ, ಚರ್ಚ್ ಕಚೇರಿಗೆ ಮೇಲ್ ಹೋಗಿದೆ.

ಕೋಟೆಣ್ಣ, ಒಂದು ಉಳಿಯಿತು. ಅಪ್ಪನಿಗೆ ಶುಗರ್ ಇದೆ. ಕಲ್ಲುಸಕ್ಕರೆ ಬೇಡ ಅಂದರೆ ಅವರಿಗೆ ಬೇಜಾರಾಗುತ್ತಾ?

ಕೋಟೆ ಹುಡುಗ (ಚಿತ್ರದುರ್ಗ)

ಹಾಕಿಸಿಕೊಳ್ಳಲಿ ಅಕ್ಕ. ಕಲಕೋ ಹಾಗಿಲ್ಲವಲ್ಲ, ಸಿಹಿ ಹೆಚ್ಚಾಗಿ ತಳದಲ್ಲೇ ಇರುತ್ತದೆ. ಚಿಟಚಿಟ ಕೇಳಿಸಿಕೊಂಡು, ಮೇಲಿನದು ಕುಡಿದು, ಕೊನೇ ಗುಟುಕು ಬಿಟ್ಟು ಚಮಚ ಒಳಗೆ ಇಟ್ಟುಬಿಡಲಿ.